ಮೂರನೇ ಜ್ವರದ ಹೊತ್ತಿಗೆ

ಪುಟ್ಲಕ್ಷ್ಮಿ, ಕೇಳುಸ್ತಾ ಐತಾ?
ಈ ಆಸ್ಪತ್ರೇಲಿ ಮೆಟ್ಟಿಲ ಹತ್ರ ಮಾತ್ರ ಸಿಗ್ನಲ್ಲು,
ಅದೂ ಗೋಡೆ ಕಡೆ ಮಖ ತಿರುಗಿಸಿದರೆ.
ಹುಳುಮನೆ ಬೀಗದಕೈ ಅಕ್ಕಿ ಡಬ್ಬದೊಳಗೆ.
ಚಪ್ಪಲಿ ಹೊರಗೆ ಬುಡು, ಕೈಕಾಲು ತೊಳಕೊ.
ತಣ್ಣೀರೇ, ಏನು ಮಾಡಾದು,
ಪುಷ್ಯ ಬಂದ್ರೆ ನೀರಿಗೂ ಹಲ್ಲು ಬತ್ತದೆ.

ಇನ್ನು ಹದಿನೈದು ದಿನ ಹಿಂಗೇ ಅಂತ ತಿಳಕೊ.
ಎಂಟಾದರೂ ಬಿಸಿಲು ಬರಲ್ಲ.
ಏರಿ ಮೇಲೆ ಹೋಗೋ ಕಬ್ಬಿನ ಟ್ರ್ಯಾಕ್ಟರು ಕಾಣಲ್ಲ,
ಅದರ ಹಾಡು ಮಾತ್ರ ಮಂಜಿನೊಳಗೆ ದಾಟಿ ಹೋಗ್ತದೆ.
ಹಿಮ್ಮಡಿ ಒಡೀತದೆ. ಕೊಬ್ಬರಿ ಎಣ್ಣೆ
ಶೀಶೆಯೊಳಗೆ ಗಟ್ಟಿಯಾಗಿ ಮುನಿಸಿಕೊಂಡು ಕುಂತಿರ್ತದೆ,
ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಕೆಲಸ ಮಾಡು, ಕರಗ್ತದೆ.
ಅವರೆಕಾಯಿ ಬಿಡಿಸಿದ ಕೈಯಲ್ಲಿ ಸೊಪ್ಪು ಮುಟ್ಟಬೇಡ,
ಸೊಗಡು ನಮಗೆ ಚೆಂದ, ಹುಳಕ್ಕೆ ಆಗಿಬರಲ್ಲ.

ಸೊಪ್ಪು ಬೆಳಿಗ್ಗೆ ಕುಯ್ಯಬೇಡ, ಮಂಜು ಕುಂತಿರ್ತದೆ.
ನಿಮ್ಮ ಭಾವ ಅವಸರ ಮಾಡ್ತಾರೆ, ಮಾಡ್ಲಿ.
ಹತ್ತು ಗಂಟೆ ತನಕ ಕುಡುಗೋಲು ಬಚ್ಚಿಡು.

ಇದ್ದಿಲ ಒಲೆ ಹೊರಗೇ ಹಚ್ಚು.
ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗಾದ ಮೇಲೆ ಒಳಗೆ ತಕ್ಕೊಂಡೋಗು.
ಕದ ಪೂರ್ತಿ ಮುಚ್ಚಬೇಡ, ನೀನೂ ಅಲ್ಲೇ ಮಲಗಬೇಡ.
ಕಂಬಕ್ಕೆ ಗಾಜಿನ ಕಡ್ಡಿ ನೇತಾಕಿದೀನಿ,
ಕೆಂಪು ಗೆರೆ ಇಪ್ಪತ್ತೈದರಲ್ಲಿ ನಿಲ್ಲಬೇಕು.
ರಾತ್ರಿ ಎರಡಕ್ಕೆ ಒಂದ್ಸಲ ಏಳು,
ಹೆಂಚಿನ ಸಂದಿ ಹುಡುಕ್ಕಂಡು
ಆ ಹೊತ್ತಿಗೇ ಚಳಿ ಇಳಿಯಾದು.

ಇಲ್ಲೂ ಅಂಥದೇ ಒಂದೈತೆ ಕಣೆ.
ಗಾಜಿನ ಪೆಟ್ಟಿಗೆ. ನೆತ್ತಿ ಮೇಲೆ ಹಸಿರು ಅಂಕಿ,
ಮೂವತ್ತಾರೂವರೆ, ಮೂವತ್ತಾರೂ ಮುಕ್ಕಾಲು.
ಕಿಟಕಿಯಿಂದಾಚೆ ನಿಂತು ಅದನ್ನೇ ಓದ್ತೀನಿ, ಇನ್ನೇನು ಓದಕೆ ಬತ್ತದೆ ನಂಗೆ.
ಕೂಸು ಒಂದು ಕೆಜಿ ನಾನೂರು.
ಒಳ್ಳೆ ಬೆಳೆ ಬಂದ ವರ್ಷ ನಮ್ಮ ಎರಡು ಚಂದ್ರಿಕೆ ಗೂಡು
ಇದಕ್ಕಿಂತ ಹೆಚ್ಚು ತೂಗ್ತಿತ್ತು.
ಸ್ಪಂದನಾ ಕೈ ಒಳಗಾಕಿದ್ಲು, ನರ್ಸು ಗದರಿಸಿದ್ರು.

ಏನಂದೆ? ಹುಳ ಅಲ್ಲಾಡ್ತಿಲ್ವಾ?
ಹೆದರಬೇಡ, ಜ್ವರಕ್ಕೆ ಹೋಗವೆ.
ತಲೆ ಎತ್ತಿ ಹಂಗೇ ನಿಂತಿರ್ತವೆ,
ಹಳೇ ಚರ್ಮ ಒಳಗಿಂದ ಬುಡುಸ್ಕೊಳಾ ಹೊತ್ತು ಅದು.
ಬೇಸಿಗೇಲಿ ಒಂದು ಹಗಲು ಒಂದು ರಾತ್ರಿ,
ಈ ಚಳೀಲಿ ಅದರ ಮೇಲೆ ಇನ್ನೊಂದು ರಾತ್ರಿ.
ಸುಣ್ಣದ ಪುಡಿ ತೆಳ್ಳಗೆ ಉದುರಿಸು. ಹಾಸಿಗೆ ಅಲ್ಲಾಡಿಸಬೇಡ.
ಮೊದಲು ಎದ್ದವು ತಲೆ ಆಡಿಸಿ ಸೊಪ್ಪು ಕೇಳ್ತವೆ, ಕರಗಬೇಡ.
ಎಲ್ಲಾ ಏಳೋ ತನಕ ಯಾರಿಗೂ ಊಟ ಇಲ್ಲ.
ಕೈ ಕಟ್ಕೊಂಡು ನಿಲ್ಲಾದೂ ಒಂದು ಕೆಲಸವೇ,
ನಂಗೆ ಅದು ಕಲಿಯಾಕೆ ಆರು ಬೆಳೆ ಹಾಳಾಯ್ತು.

ಸೀಮೆಸುಣ್ಣದಂಗೆ ಬೆಳ್ಳಗೆ ಬಿರುಸಾದವು ಕಂಡ್ರೆ
ಇಕ್ಕಳದಲ್ಲಿ ತಗಿ, ತಿಪ್ಪೆಗೆ ಹಾಕಬೇಡ, ದೂರ ಸುಡು.
ಎಣಿಸಬೇಡ.
ಎಣಿಸಿದ್ರೂ ನಂಗೆ ಹೇಳಬೇಡ, ಈ ವಾರ.

ನಂದು ನಡೀತದೆ. ಹುಣಸೂರಿನ ಮುಬೀನಮ್ಮ ಅಂತ,
ಅವರ ಮೊಮ್ಮಗಳೂ ಪಕ್ಕದ ಪೆಟ್ಟಿಗೇಲಿ.
ಒಂದೇ ಕಂಬಳಿ, ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಮಲಗ್ತೀವಿ.
ಅವರು ಗೊರಕೆ ಹೊಡೀತಾರೆ. ಹೊಡೀಲಿ, ಬೆಚ್ಚಗಿರ್ತದೆ.

ನಾಳೆಯೋ ನಾಡಿದ್ದೋ ಎಲ್ಲಾ ಎದ್ದ ಮೇಲೆ
ಸೊಪ್ಪು ಹಾಕಿ, ಎರಡು ನಿಮಿಷ
ಫೋನು ಹಾಸಿಗೆ ಹತ್ರ ಹಿಡಕೊ. ನೀನು ಮಾತಾಡಬೇಡ.
ಮೂರನೇ ಜ್ವರಕ್ಕೆ ಸದ್ದು ಸಣ್ಣಗಿರ್ತದೆ,
ಯಾರೋ ದೂರದಲ್ಲಿ
ಹೊಸ ಸೀರೆ ಮಡಿಕೆ ಬಿಡಿಸಿದಂಗೆ.
ಸ್ಪಂದನಾಗೂ ಕೇಳಿಸ್ತೀನಿ.

ಹಾಂ, ಬೀಗದಕೈ
ಮತ್ತೆ ಅಕ್ಕಿ ಡಬ್ಬಕ್ಕೇ ಹಾಕು.
ನಿನ್ನ ಸೆರಗಿನ ಗಂಟಲ್ಲಿ ಬೇಡ, ಮರೆತು ತವರಿಗೆ ಹೊಂಟೀಯ.