ಎಡಗೈಯ ಗವಸು

ಗ್ರಿಮ್ಸ್‌ಬಿಯಲ್ಲಿ ಮಂಗಳವಾರ ಸಂಜೆ,
ಕರಿದ ಮೀನಿನಂಗಡಿಯ ಮೇಲಿನ ಕೋಣೆ.
ಕೆಳಗೆ ಎಣ್ಣೆ ಚುರ್ರೆನ್ನುತ್ತದೆ.
ನಾವು ಹನ್ನೆರಡು ಜನ, ಹನ್ನೊಂದು ಕುರ್ಚಿ,
ಒಂದು ಬಿಲ್ಲೆ ಒತ್ತುವ ಯಂತ್ರ. ಅದು ನನ್ನದು.

ಎಂದೋ ನಿಂತುಹೋದ ಧಾರಾವಾಹಿಯ ಅಭಿಮಾನಿಗಳು ನಾವು.
ರಟ್ಟಿನ ಆಕಾಶನೌಕೆ, ಬಾಗಿಲು ಹಾಕಿದರೆ ಅಲುಗುವ ಗೋಡೆ,
ಚಾಲಕ ಹ್ಯಾಲಮ್, ಮೆಕ್ಯಾನಿಕ್ ಓರೆನ್.
ಅರವತ್ತೆರಡು ಕಂತು ಒಬ್ಬರನ್ನೊಬ್ಬರು ನೋಡಿದರು,
ಒಂದರಲ್ಲೂ ಆಡಲಿಲ್ಲ ಆ ಮಾತು.
ಆಡದ್ದನ್ನು ಕೇಳಿಸಿಕೊಂಡೇ ಬೆಳೆದವರು ಇವರೆಲ್ಲ.
ನಾನು ತಡವಾಗಿ ಬಂದವಳು:
ದತ್ತಿ ಅಂಗಡಿಯ ಹಳೇ ಕ್ಯಾಸೆಟ್ಟು, ಪೌಂಡಿಗೆ ಮೂರು.

ಸೆಪ್ಟೆಂಬರಿನ ಕೂಟಕ್ಕೆ ಗೇ ಅಭಿಮಾನಿಗಳಿಗೊಂದು ಗುರುತು ಬೇಕು,
ಜಂಗುಳಿಯಲ್ಲಿ ನಮ್ಮವರು ನಮಗೆ ಕಾಣಲಿಕ್ಕೆ.

ಕಾಮನಬಿಲ್ಲು, ಅಂದಳು ಟಿಲ್ಡಾ, ಹತ್ತೊಂಬತ್ತರವಳು.
"ಬ್ಯಾಂಕಿನ ಬಾಗಿಲಿಗೂ ಅದನ್ನೇ ಅಂಟಿಸಿದ್ದಾರೆ,
ಸಾಲ ಮಾತ್ರ ಕೊಡಲಿಲ್ಲ," ಅಂದ ಡಂಕನ್.
ಯಾರೋ ಗ್ರೀಕ್ ಅಕ್ಷರವೊಂದನ್ನು ಬರೆದು ತೋರಿಸಿದರು.
ಕಾಲಗಲಿಸಿ ನಿಂತ ಏಣಿಯ ಹಾಗಿತ್ತು.
ಬಾಣದ ಎರಡು ವೃತ್ತ ಹೆಣೆದಾಗ
"ನಾವೆಲ್ಲಿ?" ಅಂದೆವು, ನಾನೂ ಬ್ರಿಜೆಟ್ಟೂ, ಒಂದೇ ಉಸಿರಿಗೆ.

ಗ್ಯಾರಿ ಒಳ್ಳೆಯವನು. ಹೆಂಡತಿ ಮಕ್ಕಳಿರುವವನು,
ಎಲ್ಲರ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಬಲ್ಲವನು.
ಅವನು ಬರೆದದ್ದು ಬಳುಕಿ ಬಿದ್ದ ಒಂದು ಮಣಿಕಟ್ಟು.
"ತಮಾಷೆಗೆ," ಅಂದ.
ಸ್ವಲ್ಪ ಹೊತ್ತು ಎಣ್ಣೆಯ ಸದ್ದೊಂದೇ.
ಕಾಗದವನ್ನು ತಾನೇ ಎರಡು ಮಡಿಕೆ, ನಾಲ್ಕು, ಎಂಟು
ಮಡಿಸಿ ಬಿಸ್ಕತ್ತಿನ ಡಬ್ಬಿಯಡಿ ತಳ್ಳಿದ,
ಕಿವಿ ಕೆಂಪಾಗಿ.

"ಹಾಗಾದರೆ ಗುಲಾಬಿ ತ್ರಿಕೋನ," ಟಿಲ್ಡಾ ಮತ್ತೆ.
"ಶಿಬಿರಗಳಲ್ಲಿ ನಮ್ಮ ಮೇಲೆ ಹೊಲಿದದ್ದು. ನಾವೇ ಕಸಿದುಕೊಂಡದ್ದು."
ವಿಲ್ಫ್ರೆಡ್ ಕನ್ನಡಕ ತೆಗೆದ. ಎಂಬತ್ತೊಂದು,
ಹಡಗುಕಟ್ಟೆಯಲ್ಲಿ ಸವೆದ ಕೈ.
"ನಾನೂ ಧರಿಸಿದ್ದೆ ಮಗಳೇ, ಎಂಬತ್ತೇಳರಲ್ಲಿ,
ಕಾಲಿನ್‌ನ ಪೆಟ್ಟಿಗೆಯ ಹಿಂದೆ ನಡೆಯುವಾಗ.
ಅಷ್ಟು ಸಿಟ್ಟಿತ್ತು.
ಆ ಸಿಟ್ಟಿಲ್ಲದೆ ಅದನ್ನು ಚುಚ್ಚಿಕೊಳ್ಳಬಾರದು.
ರಟ್ಟಿನ ಶಿರಸ್ತ್ರಾಣದ ಪಕ್ಕ, ಆಟದ ದಿರಿಸಿನ ಮೇಲೆ...
ಬೇಡ."
ಟಿಲ್ಡಾ ಒಪ್ಪಲಿಲ್ಲ. ವಾದಿಸಲೂ ಇಲ್ಲ.

ನನಗೆ ಅಜ್ಜಿಯ ಮುಂಗೈಯ ಹಚ್ಚೆ ನೆನಪಾಯಿತು.
ಏಳನೇ ವಯಸ್ಸಿಗೆ ಮೂವರು ಹೆಂಗಸರು ಅದುಮಿ ಹಿಡಿದು
ಚುಚ್ಚಿಸಿದ ಹಸಿರು ಚೇಳು.
ಮುಪ್ಪಿನಲ್ಲಿ ಅದನ್ನೇ ಸವರುತ್ತ "ನನ್ನ ಚೇಳು" ಅನ್ನುವಳು.
ಹೇಳಲು ಬಾಯಿ ತೆರೆದೆ.
ಇಂಗ್ಲಿಷಿನಲ್ಲಿ ಚೇಳು ಕುಟುಕಲಿಲ್ಲ.
ಗುರುತು ಎಂದರೆ ಮೈಮೇಲಿನ ಕಲೆಯೂ ಹೌದು,
"ಗುರುತು ಸಿಕ್ಕಿತಾ?" ಎಂದು ಮುಖ ಮುಂದೆ ಮಾಡುವುದೂ ಹೌದು;
ಅದನ್ನೂ ಹೇಳಲಾಗಲಿಲ್ಲ.

ಬ್ರಿಜೆಟ್ ಅಂದಳು: "ಓರೆನ್‌ನ ಗವಸು."
ಹದಿನಾಲ್ಕನೇ ಕಂತಿನಲ್ಲಿ ಕಳೆದುಹೋಗುತ್ತದೆ, ಎಡಗೈಯದು.
ನಲವತ್ತೊಂದರಲ್ಲಿ, ಅರೆಕ್ಷಣ, ಹ್ಯಾಲಮ್‌ನ ಕಿಸೆಯಿಂದ
ಐದು ಖಾಲಿ ಬೆರಳು ಇಣುಕುತ್ತವೆ.
ಕಥೆ ಬರೆದವರು ಮರೆತಿರಬಹುದು.
ಉಡುಪು ನೋಡಿಕೊಳ್ಳುವವರು ಯಾರೋ
ಮರೆತಿರಲಿಲ್ಲ.

ಏಳು ಕೈ ಎದ್ದವು. ಕಾಮನಬಿಲ್ಲಿಗೆ ಮೂರು.
"ಈ ಮತ ನನ್ನದಲ್ಲ," ಎಂದು ಗ್ಯಾರಿ ಲೋಟ ತೊಳೆಯಲು ಹೋದ.
ವಿಲ್ಫ್ರೆಡ್ ತೂಕಡಿಸುತ್ತಿದ್ದ, ಅಥವಾ ಹಾಗೆ ನಟಿಸಿದ.

ಅರವತ್ತು ಬಿಲ್ಲೆ ಒತ್ತಿದೆ. ಮೊದಲನೆಯದು ಓರೆ,
ಹೆಬ್ಬೆರಳು ಅಂಚಿನಾಚೆ ಮಡಚಿಹೋಗಿತ್ತು.
ಅದನ್ನೇ ಕೋಟಿಗೆ ಚುಚ್ಚಿಕೊಂಡು ಮೆಟ್ಟಿಲಿಳಿದೆ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಬಗ್ಗಿ ನೋಡಿದಳು.
"ತೋಟಗಾರಿಕೆ ಸಂಘವೇ?"
ಅಲ್ಲ, ಅಂದೆ.
ಮತ್ತೇನು ಎಂದು ಕೇಳಿಯಾಳೆಂದು
ನನ್ನ ನಿಲ್ದಾಣ ದಾಟಿದರೂ
ಕೂತೇ ಇದ್ದೆ.