ಬರ್ಫಕ್ಕೆ ಹೊದಿಕೆ

ಕಾರವಾರದ ಚಳಿಯೆಂದರೆ ಫ್ಯಾನು ಐದರಿಂದ ಮೂರಕ್ಕೆ ಇಳಿದಷ್ಟೇ.
ಇಲ್ಲಿ ಸ್ಲೀಪಿಂಗ್ ಬ್ಯಾಗ್ ಬೇಕು ಅಂದರೆ
ಅಂಗಡಿಯವ ಮೊದಲು ನಿಮ್ಮ ಮುಖ ನೋಡುತ್ತಾನೆ.

ನನಗೀಗ ನಲವತ್ತೇಳು.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ,
ಯಾವ ಬೋಟಿಗೆ ಎಷ್ಟು ಗಡ್ಡೆ, ಯಾರದು ಎಷ್ಟು ಬಾಕಿ.
ಉಪ್ಪುನೀರಿನ ತೊಟ್ಟಿಯಲ್ಲಿ, ಅಮೋನಿಯದ ಘಾಟಿನಲ್ಲಿ,
ಡಬ್ಬಿಯೊಳಗೆ ನಿಂತ ನೀರು ರಾತ್ರಿಯಿಡೀ ಕಲ್ಲಾಗುವುದನ್ನು
ಇಪ್ಪತ್ತೆರಡು ವರ್ಷ ನೋಡಿದ್ದೇನೆ.
ತಾನಾಗಿ ಮೇಲಿಂದ ಬೀಳುವುದನ್ನು ಕಂಡಿಲ್ಲ.
ಜನವರಿಗೆ ಹೆಸರು ಕೊಟ್ಟೆ: ಹನ್ನೊಂದು ಹೆಂಗಸರು, ಹಿಮಾಲಯ,
ಡೇರೆಯಲ್ಲಿ ನಾಲ್ಕು ರಾತ್ರಿ.
ಮಲಗುವ ಚೀಲ ಅವರವರದೇ.

ಕೋಡಿಬಾಗದ ಗೋಯ್ದು ಗುನಗಿ, ಸೈನ್ಯದಿಂದ ಬಂದವರು,
ಜಗಲಿಯ ಮೇಲೆ ಮೂರು ಹಾಸಿದರು
ಒಣಗಲಿಕ್ಕೆ ಮೀನು ಹಾಸಿದ ಹಾಗೆ, ತಲೆ ಎಲ್ಲ ಒಂದೇ ಕಡೆ.
ಒಂದು ಬಾತುಕೋಳಿಯ ಪುಕ್ಕದ್ದು.
ಎತ್ತಿದರೆ ತೂಕವೇ ಇಲ್ಲ, ಹಿಂಡಿ ಬಿಟ್ಟರೆ
ಮೆಲ್ಲಗೆ ಉಸಿರೆಳೆದುಕೊಂಡು ಏಳುತ್ತದೆ.
ನೆನೆದರೆ ಮಾತ್ರ ಅವಲಕ್ಕಿ ಮುದ್ದೆ.
ಇನ್ನೊಂದು ಸಿಂಥೆಟಿಕ್, ಭಾರ, ಮಡಚಲಿಕ್ಕೂ ಹಟ,
ಒದ್ದೆಯಾದರೂ ಕೈಬಿಡುವುದಿಲ್ಲವಂತೆ.
ಮೂರನೆಯದರ ಜಿಪ್ಪಿಗೆ ಹಲ್ಲು ಉದುರಿತ್ತು.
ಅದನ್ನು ಅವರೇ ಕಾಲಿನಿಂದ ಆಚೆ ಸರಿಸಿದರು.

ಭಾರದ್ದರ ಒಳಗೊಂದು ಚೀಟಿ, ಅದರಲ್ಲಿ ಮೂರು ಅಂಕೆ.
ಸೊನ್ನೆ: ಇಷ್ಟರವರೆಗೆ ಹೆಂಗಸು ಸುಖವಾಗಿ ನಿದ್ದೆ ಮಾಡಬಹುದು.
ಮೈನಸ್ ಆರು: ಗಂಡಸು, ಮುದುಡಿಕೊಂಡು.
ಮೈನಸ್ ಇಪ್ಪತ್ತಮೂರು: ನಿದ್ದೆ ಇಲ್ಲ. ಜೀವ ಉಳಿದೀತು.
"ಮೊದಲನೆಯದು ನೋಡಿ ತಕೋಬೇಕು ಬಾಯೆ,
ಮಾರುವವರು ಮೂರನೆಯದನ್ನೇ ದೊಡ್ಡದಾಗಿ ಬರೀತಾರೆ."
ನನ್ನ ಕಣ್ಣು ಅಲ್ಲೇ ನೆಟ್ಟಿತ್ತು.
ಬೋಟು ಮಾರಿ ಅವನು ಮಾಲ್ವಣಕ್ಕೆ ಹೋದ ಮೇಲಿನ ನಾಲ್ಕು ಮಳೆಗಾಲ
ನಾನು ಮಲಗಿದ್ದು ಆ ಅಂಕೆಯಲ್ಲೇ.
ನೋಡಿದವರು ಒಳ್ಳೇ ನಿದ್ದೆ ಅಂದುಕೊಂಡಿದ್ದರು.

"ಇದು ಬೆಚ್ಚಗೆ ಮಾಡ್ತದಾ?"
"ಚೀಲಕ್ಕೆಲ್ಲಿಯ ಕಿಚ್ಚು? ನೀನು ಒಳಗೆ ಒಯ್ದದ್ದನ್ನೇ
ನಿನಗೆ ತಿರುಗಿ ಕೊಡ್ತದೆ.
ಉಂಡು ಮಲಗು. ಖಾಲಿ ಹೊಟ್ಟೆಯವಳಿಗೆ ಅದು ಏನು ಕೊಟ್ಟೀತು?"

ಹೌದಲ್ಲ, ಹೊಟ್ಟಿನ ಲೆಕ್ಕ!
ಮರದ ಹೊಟ್ಟು ಐಸನ್ನು ತಂಪು ಮಾಡುವುದಿಲ್ಲ,
ಇದ್ದದ್ದನ್ನು ಕಾಯುತ್ತದೆ.
ಎರಡೂ ಚೀಲ ಒಂದು ರಾತ್ರಿಗೆ ಕಡ ತಂದೆ.
ಐದೈದು ಕಿಲೋ ಗಡ್ಡೆ, ತೂಗಿ,
ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ಒಳಗೆ ಮಲಗಿಸಿ ಜಿಪ್ಪೆಳೆದೆ.
ಬಾಗಿಲಲ್ಲಿ ಶೇವಂತಿ ಹರಿಕಂತ್ರ:
"ಬರ್ಫಕ್ಕೂ ಚಳಿ ಆಗ್ತದೇನೇ, ಮಾರಾಯ್ತಿ?"

ಬೆಳಿಗ್ಗೆ ಪುಕ್ಕದ್ದರಲ್ಲಿ ಮೂರೂವರೆ ಕಿಲೋ ಉಳಿದಿತ್ತು,
ಸಿಂಥೆಟಿಕ್‌ನಲ್ಲಿ ಎರಡೂ ಮುಕ್ಕಾಲು.
ಖಾತೆಯ ಹಿಂಬದಿ ಪುಟದಲ್ಲಿ ಬರೆದು ಅಡಿಗೆರೆ ಎಳೆದೆ.
ಉಳಿದ ಐಸು ಶೇವಂತಿಯ ಬಂಗುಡೆ ಬುಟ್ಟಿಗೆ.

ಆದರೂ ದುಡ್ಡು ಎಣಿಸಿದ್ದು ಭಾರದ್ದಕ್ಕೆ.
"ನಿನ್ನ ಲೆಕ್ಕ ಬೇರೆ ಹೇಳಿತಲ್ಲ?" ಅಂದರು ಗೋಯ್ದು ಮಾಮ.
"ಅದು ಒಂದು ಒಣ ರಾತ್ರಿಯ ಲೆಕ್ಕ ಮಾಮ.
ನಾನು ಉಪ್ಪೂ ನೆನೆಯುವ ಊರಿನವಳು."
ಸೊನ್ನೆಯ ಕೆಳಗಿನದಕ್ಕೆ ಒಳಗೊಂದು ಕವದಿ ಇರಲಿ ಎಂದು
ಯಲ್ಲಾಪುರದ ಸಿದ್ದಿ ಹೆಂಗಸು ಹೊಲಿದದ್ದು ತಂದೆ,
ಹಳೆಯ ಸೀರೆ, ಯಾರದೋ ಶಾಲೆಯ ಸಮವಸ್ತ್ರದ ತುಂಡು,
ಮೂಲೆಯಲ್ಲೊಂದು ಕೆಂಪು ಚೌಕ.

ನಿನ್ನೆ ತಾರಸಿಯ ಮೇಲೆ ಮಲಗಿ ನೋಡಿದೆ.
ಇಪ್ಪತ್ತಾರು ಡಿಗ್ರಿ. ಗದ್ದದವರೆಗೆ ಜಿಪ್ಪು.
ಮಂಡಿಯ ಹಿಂದೆ ಬೆವರು ಹರಿಯಿತು, ಕಾಲು ಬೆಂದಿತು,
ಪಕ್ಕದ ಮನೆಯ ಬೆಕ್ಕು ಬಂದು
ಹೊಟ್ಟೆಯ ಮೇಲೆ ಕೂತಿತು.
ದೂರದಲ್ಲಿ ಬೋಟುಗಳು ಎಂಜಿನ್ ಹಾಕತೊಡಗಿದವು,
ಇನ್ನರ್ಧ ಗಂಟೆಗೆ ಐಸ್ ಕೇಳಿಕೊಂಡು ಬರುತ್ತಾರೆ.
ಬರಲಿ ಅಂದುಕೊಂಡೆ,
ಜಿಪ್ಪು ತೆಗೆಯಲಿಲ್ಲ.