ಹದಿನೆಂಟು ಕಳೆದ ಮೇಲೆ

ನನ್ನ ಹೆಸರು ಮರಿಟೆಸ್ ಅಬಾಪೋ.
ನಗಬೇಡಿ. ನಮ್ಮ ಸೆಬುವಿನಲ್ಲಿ ಈಗ
ಬೇಲಿಗೆ ಮೊಣಕೈಯೂರಿ ಪಕ್ಕದ ಮನೆಯ ಸುದ್ದಿ ಹಂಚುವವಳಿಗೆ
ಇದೇ ಅಡ್ಡಹೆಸರು.
ನನಗೆ ಸಿಕ್ಕ ಕೆಲಸವೋ,
ಬಾಯಿಗೆ ಬೀಗ.

ರಾತ್ರಿ ಹತ್ತಕ್ಕೆ ಬಾಗಿಲಲ್ಲಿ ಕಾವಲಿನವನು
ಫೋನು ಇಸಿದುಕೊಳ್ಳುತ್ತಾನೆ, ಪೆನ್ನು ಇಸಿದುಕೊಳ್ಳುತ್ತಾನೆ,
ಅಂಗಡಿ ರಸೀತಿಯ ಚೂರನ್ನೂ ಬಿಡುವುದಿಲ್ಲ.
ಜೇಬಿಲ್ಲದ ಜಾಕೆಟ್ಟು ತೊಟ್ಟು ಒಳಗೆ ಹೋದರೆ
ಅಲ್ಲಾಗಲೇ ಓಹಾಯೋದ ಬೆಳಗು:
ಯಾರದೋ ಮೊಣಕಾಲು, ಯಾರದೋ ಮೂತ್ರಪಿಂಡ,
ಯಾರೋ ಹದಿನಾರರ ಹುಡುಗಿ ಅಮ್ಮನಿಗೆ ಹೇಳದೆ ನುಂಗಿದ್ದು.
ಎಲ್ಲಕ್ಕೂ ಒಂದೊಂದು ಅಂಕಿ.
ಆಮೆ ಬಡಿದು ಗಾಯವಾದರೂ ಒಂದು ಅಂಕಿಯುಂಟು, ನಿಮ್ಮಾಣೆ.

ಮೊದಲ ವಾರ ಕಲಿಸಿದ್ದು ಹದಿನೆಂಟು.
ಹೆಸರು, ಹುಟ್ಟಿದ ದಿನ, ಬೀದಿ, ಫೋನು,
ಮುಖದ ಚಿತ್ರ, ಬೆರಳಿನ ಗೆರೆ, ಕಾರಿನ ನಂಬರು...
ಮಗ್ಗಿಯಂತೆ ಒಪ್ಪಿಸಿದೆವು.
ಇಷ್ಟನ್ನೂ ಕಳೆದರೆ
ಮನುಷ್ಯನ ಗುರುತು ಉಳಿಯುವುದಿಲ್ಲ ಎಂದರು ಮ್ಯಾಡಮ್ ಒಫೆಲಿಯಾ.
ಹಾಗಾದರೆ ಏನು ಉಳಿಯುತ್ತದೆ ಅಂತ ಯಾರೂ ಕೇಳಲಿಲ್ಲ.
ಪರೀಕ್ಷೆಗೆ ಆ ಪ್ರಶ್ನೆ ಇರಲಿಲ್ಲ.

ಪಕ್ಕದ ಸೀಟಿನ ದಿಂದೋಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು.
ಅವನ ಸರದಿಯಲ್ಲದ ಕಡತದಲ್ಲಿ
ಒಬ್ಬ ಆಟಗಾರನ ಮಂಡಿ ಇತ್ತು.
ತೆರೆದ, ನೋಡಿದ, ಮುಚ್ಚಿದ. ಹನ್ನೊಂದು ಸೆಕೆಂಡು.
ಯಾರಿಗೂ ಹೇಳಲಿಲ್ಲ, ಪಾಪ.
ಕಡತವೇ ಹೇಳಿತು.
ಮಾರನೆಯ ರಾತ್ರಿ ಕುರ್ಚಿಯ ಬೆನ್ನಿಗೆ
ಅವನ ಜಾಕೆಟ್ಟು ಮಾತ್ರ.

ಅವಳ ಬಿಲ್ಲು ನನ್ನ ಸರದಿಗೆ ಬಂದದ್ದು ಮಾರ್ಚಿ...
ಇಲ್ಲ, ತಿಂಗಳೂ ಆ ಹದಿನೆಂಟರಲ್ಲಿದೆ.
ಒಂದು ದಿನ ಬಂತು ಅನ್ನೋಣ.
ವಿಮೆಯವರು ತಿರುಗಿಸಿದರು.
ಅಂಕಿಯ ಬಾಲಕ್ಕೆ ಎರಡಕ್ಷರ ಕಟ್ಟಿ ಕಳಿಸಿದೆ.
ಮತ್ತೆ ತಿರುಗಿಸಿದರು. ಮತ್ತೆ ಕಳಿಸಿದೆ.
ಮೂರನೆಯ ಸಲ ಒಪ್ಪಿದಾಗ
ಕಾಫಿ ಯಂತ್ರದ ಬಳಿ ಒಬ್ಬಳೇ ಕುಣಿದೆ.
ಅವಳ ರಕ್ತದ ಎಣಿಕೆ ನನಗೆ ಗೊತ್ತು,
ವಾಂತಿಗೆ ಕೊಟ್ಟ ಮಾತ್ರೆ ಗೊತ್ತು,
ಕಾಫಿ ಕುಡಿಯುವವಳೋ ಚಹಾವೋ ಗೊತ್ತಿಲ್ಲ.

ಆಮೇಲೊಂದು ರಾತ್ರಿ ಕೊನೆಯ ಚೌಕದಲ್ಲಿ
ಬಿಡುಗಡೆ: ಇಪ್ಪತ್ತು.
ಒಂದು ಅಂದರೆ ಮನೆಗೆ ಹೋದರು.
ಇಪ್ಪತ್ತು ಅಂದರೆ
ಹೋಗಲಿಲ್ಲ.
ಬಿಲ್ಲು ಮಾತ್ರ ಹೋಗಬೇಕಿತ್ತು. ಕಳಿಸಿದೆ.

ಬೆಳಿಗ್ಗೆ ಬಸಿಲಿಕಾದ ಹೊರಗೆ ನಾಂಗ್ ತಾಸಿಂಗ್,
ಹಳದಿ ಕೆಂಪು ಉಡುಗೆಯ ಮುದುಕಿ, ಮೊಂಬತ್ತಿ ಮಾರಿ
ಕೊಂಡವರ ಪರವಾಗಿ ಕುಣಿದು ಬೇಡುವವಳು.
"ಯಾರ ಹೆಸರಿಗೆ, ಮಗಳೇ?"
ನಾಲಿಗೆಯ ತುದಿಯಲ್ಲಿತ್ತು, ಹೆಸರು, ಹುಟ್ಟುಹಬ್ಬ, ಬೀದಿ.
"ಒಬ್ಬರಿಗೆ."
"ಊರು?"
"ದೂರ."
ಮುದುಕಿ ನನ್ನ ಕೊರಳ ಪಟ್ಟಿ ನೋಡಿ
"ಓ, ರಾತ್ರಿ ಪಾಳಿಯವಳಾ," ಅಂದಳು. ಮತ್ತೆ ಕೆದಕಲಿಲ್ಲ.
ನನ್ನಂಥವರು ದಿನಾ ಬರುತ್ತಾರಂತೆ.

ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ,
ನಮ್ಮ ಬಿಲ್ಲುಗಳ ಹಾಗೆ,
ಮೊಂಬತ್ತಿ ಎತ್ತಿ ಕುಣಿದಳು.
ಹೆಸರು ಬರುವ ಜಾಗದಲ್ಲಿ
ಒಂದು ಉಸಿರಿನಷ್ಟು ತೆರಪು ಬಿಟ್ಟು
ಮುಂದಕ್ಕೆ ಹೋದಳು.

"ಎಷ್ಟಾಯಿತು?"
"ಇಪ್ಪತ್ತು."
ಐವತ್ತರ ನೋಟು ಕೊಟ್ಟು, ಚಿಲ್ಲರೆ ಬೇಡವೆಂದೆ.

ಮನೆಯಲ್ಲಿ ಅಮ್ಮ ಅನ್ನಕ್ಕೆ ಒಣಮೀನು ಹಾಕುತ್ತ
ಕಣ್ಣೇಕೆ ಕೆಂಪು ಅಂತ ಕೇಳಿದಳು.
ನಿದ್ದೆಯಿಲ್ಲ ಅಂದೆ.
ಅದೂ ನಿಜ.